ಚಿರತೆಗೆ ಗೇಟ್ ಪಾಸ್ ಕೊಟ್ಟವರು ಯಾರು?

ಬೆಂಗಳೂರಿನ ಅಂಚಿನ ಬನ್ನೇರುಘಟ್ಟದ ಕಡೆಯ ಬಡಾವಣೆಗೆ ಮತ್ತೆ ಚಿರತೆ 'ನುಗ್ಗಿದೆ'. ನಿವಾಸಿಗಳ ಸಿಟ್ಟು ನ್ಯಾಯವಾದದ್ದೇ. ಊಟ ತಲುಪಿಸುವ ಹುಡುಗನೂ ಗೇಟಿನ ಪುಸ್ತಕದಲ್ಲಿ ಹೆಸರು, ಮೊಬೈಲ್ ನಂಬರ್ ಬರೆದು ಒಳಗೆ ಬರುವ ಕಡೆ, ಚಿರತೆ ಸಹಿಯನ್ನೂ ಹಾಕದೆ ಕಾಂಪೌಂಡ್ ಹಾರಿದರೆ ಹೇಗೆ? ಕಾಡಿನ ಕಡೆಗೆ ತೆರೆಯುವ ಬಾಲ್ಕನಿಗೆಂದು ಹೆಚ್ಚು ದುಡ್ಡು ಕೊಟ್ಟದ್ದು ನಿಜ. ಆದರೆ ಕಾಡು ಎದ್ದು ಬಂದು ಕಾರಿನ ಬಾನೆಟ್ ಮೇಲೆ ಮಲಗಲಿ ಎಂದು ಯಾರೂ ಕರೆದಿರಲಿಲ್ಲ.

ನಮ್ಮ ಸರ್ಕಾರಗಳ ಲೆಕ್ಕದ ಶಿಸ್ತನ್ನಂತೂ ಮೆಚ್ಚಲೇಬೇಕು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯವೆಂದು, ಅಂದರೆ ಗಣಿ, ಕಟ್ಟಡಗಳಿಗೆ ಕಡಿವಾಣ ಇರುವ ಪಟ್ಟಿಯೆಂದು, 2016ರ ಕರಡು ಗುರುತಿಸಿದ್ದು 268.96 ಚದರ ಕಿಲೋಮೀಟರ್. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84. ನೂರು ಚದರ ಕಿಲೋಮೀಟರನ್ನು ಸದ್ದಿಲ್ಲದೆ ನುಂಗಿ, ಉಳಿದದ್ದನ್ನು ದಶಮಾಂಶದ ಎರಡನೆಯ ಸ್ಥಾನದವರೆಗೆ ಒಪ್ಪಿಸಿದ್ದಾರೆ. ಪಾಪ, ಪ್ರಾಮಾಣಿಕರು. ಈ ತಿದ್ದುಪಡಿಯ ಒಂದು ನಕಲನ್ನು ಚಿರತೆಗೆ ಕಳಿಸುವುದು ಮಾತ್ರ ಮರೆತುಹೋಯಿತು.

ಹಾಗೆಂದು ನಾವು ಪ್ರಕೃತಿಯನ್ನು ಕೈಬಿಟ್ಟವರಲ್ಲ, ಅಭಿವೃದ್ಧಿ ಮಾಡುವವರು. 2021ರಲ್ಲಿ ನಗರದ ಪಕ್ಕದ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಿದ್ದು ನೆನಪಿರಬೇಕು. ಕಾಡಿನಲ್ಲಿ ವೃಕ್ಷಗಳ ಕೊರತೆಯನ್ನು ಕಂಡುಹಿಡಿದ ಆ ದಿವ್ಯದೃಷ್ಟಿಗೆ ಅಡ್ಡಬಂದವರು ಅಲ್ಲಿನ ಜನ. ಬೀದಿಗಿಳಿದು, ಕಾಡು ಕಾಡಾಗಿಯೇ ಇರಲಿ ಎಂದು ಹಟ ಹಿಡಿದರು.

ಕೆರೆಗಳ ವಿಷಯದಲ್ಲಿ ಇಂಥ ಅಡ್ಡಿ ಕಡಿಮೆ. ಮೊದಲು ಜೆಸಿಬಿ ಇಳಿಯುತ್ತದೆ. ಆಪು, ಜೊಂಡು, ಕೆಸರು ಎಲ್ಲ ಮಾಯ. ದಡವನ್ನು ಇಳಿಜಾರಾಗಿ ಕಡಿದು ಕಲ್ಲು ಹಾಸಿ, ಮೇಲೊಂದು ವಾಕಿಂಗ್ ಪಥ, ಉಕ್ಕಿನ ಬೇಲಿ, ಶಾಸಕರ ಹೆಸರಿನ ಫಲಕ. ಮೊಳಕಾಲುದ್ದ ನೀರಿನಲ್ಲಿ ನಿಂತು ಮೀನು ಹಿಡಿಯುತ್ತಿದ್ದ ಬಕಗಳಿಗೆ ಈಗ ಕಾಲೂರಲು ಜಾಗವಿಲ್ಲ, ಎಲ್ಲ ಕಡೆ ಆಳ. ಅವು ಹೋದವು. ಆ ಕೊರಗು ಕಾಣದಿರಲೆಂದು ದಡದಲ್ಲೊಂದು ಸಿಮೆಂಟಿನ ಕೊಕ್ಕರೆ ನಿಲ್ಲಿಸಿದ್ದಾರೆ. ಕೊಕ್ಕು ಮುರಿದು ಕಬ್ಬಿಣದ ಸರಳು ಹೊರಬಂದಿದೆ, ಕಣ್ಣಿಗೆ ಬಳಿದ ಕೆಂಪು ಬಣ್ಣ ಕೆನ್ನೆಗೆ ಇಳಿದಿದೆ, ಕಾಲಿಗೆ ಯಾರೋ ಪಿ.ಜಿ. ಬಾಡಿಗೆಯ ಚೀಟಿ ಅಂಟಿಸಿದ್ದಾರೆ. ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ವಲಸೆ ಹೋಗುವ ಚಿಂತೆಯಿಲ್ಲ, ಹಿಕ್ಕೆ ಹಾಕುವುದಿಲ್ಲ, ಬಿಲ್ಲೂ ಪಾಸಾಗುತ್ತದೆ. ಜೀವಂತ ಕೊಕ್ಕರೆಯಿಂದ ಗುತ್ತಿಗೆದಾರನಿಗೆ ಏನು ಗಿಟ್ಟೀತು ಹೇಳಿ?

ಚಿರತೆಯನ್ನೂ ಸಿಮೆಂಟಿನಲ್ಲಿ ಮಾಡಿ ಕೂರಿಸಬಹುದಿತ್ತು. ನಿಜದ ಚಿರತೆಗೆ ಹಸಿವಾಗುತ್ತದೆ, ಅದೇ ತೊಂದರೆ. ನಾವು ಖಾಲಿ ನಿವೇಶನದಲ್ಲಿ ಕಸ ಸುರಿಯುತ್ತೇವೆ, ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ. ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಹಿಡಿದು ದೂರ ಬಿಡಿ ಎನ್ನುತ್ತೇವೆ. ಚಿರತೆಗೆ ತನ್ನದೇ ಸರಹದ್ದು ಇರುತ್ತದೆ, ಎತ್ತಿ ಬೇರೆಡೆ ಬಿಟ್ಟರೆ ಅಲ್ಲಿ ಹೊಸ ಜಗಳ ಶುರುವಾಗುತ್ತದೆ ಎಂದು ತಿಳಿದವರು ಹೇಳುತ್ತಲೇ ಇದ್ದಾರೆ. ಕೇಳುವವರು ಯಾರು?

ಬೆಂಗಳೂರಿನ ಕೂಡ್ಲು ಗೇಟ್ ಬಳಿ ಪಾಳು ಕಟ್ಟಡದಲ್ಲಿ ಸಿಕ್ಕಿಬಿದ್ದ ಚಿರತೆ 2023ರ ನವೆಂಬರ್ 1ರಂದು, ನಾವು ರಾಜ್ಯೋತ್ಸವದ ಬಾವುಟ ಹಾರಿಸುತ್ತಿದ್ದ ದಿನ, ಗುಂಡೇಟಿಗೆ ಸತ್ತಿತು. ಹಿಡಿಯಲು ಹೋದ ಪಶುವೈದ್ಯರ ಮೇಲೆ ಎರಗಿತ್ತು. ಅಲ್ಲಿ ಪ್ರಾಣ ಒತ್ತೆಯಿಟ್ಟು ನಿಂತ ಸಿಬ್ಬಂದಿಯನ್ನು ದೂರಲು ನನಗೆ ಮನಸ್ಸಿಲ್ಲ. ಸಾಕಾಗಿದೆ, ಅಷ್ಟೇ. ವಲಯದ ಗಡಿಯನ್ನು ಎಸಿ ಕೋಣೆಯಲ್ಲಿ ಕುಳಿತು ಒಳಕ್ಕೆ ಎಳೆದವರಿಗೆ ಒಂದು ಗೀರೂ ಬೀಳಲಿಲ್ಲ.