ಮೇನ್ ಫ್ಯೂಸ್ ದೊಡ್ಡದು ಹಾಕಿದ್ರೆ ಮುಗೀತಾ?

ಮೇ ತಿಂಗಳು ಬಂತು ಅಂದ್ರೆ ಮುಂಬೈಯ ಹಳೇ ಬಿಲ್ಡಿಂಗ್‌ಗಳಲ್ಲಿ ರಾತ್ರಿ ಫ್ಯೂಸ್ ಹೋಗುವ ಕಾಟ ಶುರು. ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಈ ಸಲ ಮೂರನೇ ಮಹಡಿಯ ಶೆಟ್ರ ಸರದಿ. "ಎಂತ ಮಾರಾಯ್ರೆ, 32 ಆಂಪಿಯರ್‌ದು ತೆಗೆದು 63 ಹಾಕಿದ್ರೆ ಮುಗೀತಲ್ಲ?" ಅಂದರು. ಅವರ ಎಲೆಕ್ಟ್ರಿಷಿಯನ್ನೂ ಅದನ್ನೇ ಹೇಳಿದ್ದನಂತೆ.

ಮುಗಿಯುವುದಿಲ್ಲ. ಫ್ಯೂಸ್ ಇರುವುದು ಎಸಿಯನ್ನು ಕಾಯುವುದಕ್ಕಲ್ಲ, ವೈರ್ ಸುಡದಂತೆ ಕಾಯುವುದಕ್ಕೆ.

ಲೋಡ್, ಅಂದರೆ ಮನೆ ಎಳೆಯುವ ಕರೆಂಟ್, ಅದರ ಲೆಕ್ಕ ಸುಲಭ. ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಆಂಪಿಯರ್ ಸಿಗುತ್ತದೆ. 2000 ವ್ಯಾಟ್ ಗೀಸರ್‌ಗೆ ಸುಮಾರು 9. ಇಂಡಕ್ಷನ್ ಒಲೆಗೂ ಅಷ್ಟೇ. ಒಂದೂವರೆ ಟನ್ನಿನ ಎಸಿಗೆ 7 ಅಂತಿಟ್ಟುಕೊಳ್ಳಿ. ಎಲ್ಲ ಕೂಡಿಸಿದರೆ ಗಾಬರಿಯಾಗುತ್ತದೆ, ಆದರೆ ಎಲ್ಲವೂ ಒಟ್ಟಿಗೆ ಓಡುವುದು ಅಪರೂಪ ಅಲ್ವಾ? ಮೇ ತಿಂಗಳಲ್ಲಿ ಗೀಸರ್ ಯಾರಿಗೆ ಬೇಕು!

ಆಮೇಲೆ ವೈರ್ ನೋಡಬೇಕು. ಇದನ್ನೇ ಯಾರೂ ನೋಡುವುದಿಲ್ಲ. ಮೀಟರ್‌ನಿಂದ ಮನೆಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಪೈಪ್‌ನೊಳಗೆ ಬಂದಿದ್ದರೆ ಅದು ಹೊರುವುದು 25ರಿಂದ 30 ಆಂಪಿಯರ್. ಅದರ ಮುಂದೆ 63 ಹಾಕಿ 50 ಆಂಪಿಯರ್ ಎಳೆದರೆ ಫ್ಯೂಸ್‌ಗೆ ಏನೂ ಆಗುವುದಿಲ್ಲ. ಪೈಪ್‌ನೊಳಗೆ ವೈರ್ ಬೇಯುತ್ತಿರುತ್ತದೆ. ಫ್ಯೂಸ್‌ನ ಅಂಕಿ ಮನೆಯ ಲೋಡ್‌ಗಿಂತ ಕಮ್ಮಿ ಇರಬಾರದು, ವೈರ್‌ನ ತಾಕತ್ತಿಗಿಂತ ಜಾಸ್ತಿ ಇರಬಾರದು. ಲೋಡ್ ವೈರ್‌ನ ತಾಕತ್ತನ್ನೇ ದಾಟಿದರೆ ಮೊದಲು ಬದಲಾಗಬೇಕಾದ್ದು ವೈರ್.

ಅಂಕಿಯನ್ನೂ ಸುಮ್ನೆ ನಂಬಬೇಡಿ. 32 ಆಂಪಿಯರ್ ಎಂಸಿಬಿ (ಫ್ಯೂಸ್ ಬದಲು ಹಾಕುವ, ತಾನೇ ಬೀಳುವ ಸ್ವಿಚ್) 36ರವರೆಗೆ ಒಂದು ಗಂಟೆ ತಡೆಯಬೇಕು, 46 ದಾಟಿದರೆ ಗಂಟೆಯೊಳಗೆ ಬೀಳಬೇಕು. ನಿಯಮವೇ ಹಾಗಿದೆ. ಹಳೇ ಕಿಟ್‌ಕ್ಯಾಟ್ ಫ್ಯೂಸ್, ಅಂದರೆ ಪಿಂಗಾಣಿಯೊಳಗೆ ತಂತಿ ಕಟ್ಟುವಂಥದ್ದು, ಹೆಚ್ಚುಕಮ್ಮಿ ತನ್ನ ಅಂಕಿಯ ಎರಡು ಪಟ್ಟಿನವರೆಗೂ ಕರಗದೆ ಎಳೆಯುತ್ತದೆ. ಅದರ ಪಿಂಗಾಣಿ ಮೇಲೆ 32 ಅಂತ ಇದ್ದರೂ ನಿಜವಾದ ಅಂಕಿ ಒಳಗಿನ ತಂತಿಯದು. 15 ಆಂಪಿಯರ್‌ಗೆ ಅರ್ಧ ಮಿಲಿಮೀಟರ್ ತವರ ಲೇಪದ ತಂತಿ, 30ಕ್ಕೆ 0.85 ಮಿಲಿಮೀಟರ್. ನಮ್ಮಲ್ಲಿ ಹಾಕುವುದು ಏನು? ಕೈಗೆ ಸಿಕ್ಕ ವೈರ್ ಸುಲಿದು ನಾಲ್ಕು ಎಳೆ. ಅದು ಎಷ್ಟಕ್ಕೆ ಕರಗುತ್ತದೆ ಅಂತ ಹಾಕಿದವನಿಗೂ ಗೊತ್ತಿರುವುದಿಲ್ಲ.

ಇನ್ನು, ಮೀಟರ್‌ಗಿಂತ ಮುಂಚಿನ ಸೀಲ್ ಮಾಡಿದ ಫ್ಯೂಸ್ ಕರೆಂಟ್ ಕಂಪನಿಯದು. ನಾವು ಮುಟ್ಟುವಂತಿಲ್ಲ. ಮೀಟರ್ ಮೇಲೆ 5-30 ಅಂತ ಬರೆದಿದ್ದರೆ ಅದು ತಡೆಯುವುದು 30 ಆಂಪಿಯರ್‌ವರೆಗೆ ಮಾತ್ರ, 63ರ ಮಾತೇ ಬೇಡ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 5 ಕಿಲೋವ್ಯಾಟ್ ಅಂದರೆ ಸುಮಾರು 22 ಆಂಪಿಯರ್. ಮೂರು ಎಸಿ ಬೇಕೇ ಬೇಕು ಅಂದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು. ಶೆಟ್ರು ಈಗ ಅದನ್ನೇ ಮಾಡಿದ್ದಾರೆ, ಸ್ವಲ್ಪ ಗೊಣಗಿಕೊಂಡು.

ನನ್ನ ಸಿಟ್ಟು ಶೆಟ್ರ ಮೇಲಲ್ಲ, ನಮ್ಮ ಸೊಸೈಟಿ ಮೇಲೆ. ಲಾಬಿಗೆ ಹೊಸ ಟೈಲ್ಸ್ ಹಾಕಿಸಲು ದುಡ್ಡಿದೆ. ಕೆಳಗಿನಿಂದ ಮೇಲಕ್ಕೆ ಹೋಗುವ ಮೇನ್ ಕೇಬಲ್ ಮಾತ್ರ ಮನೆಗೊಂದು ಫ್ಯಾನ್ ಇದ್ದ ಕಾಲದ್ದು. ಪ್ರತಿ ಮನೆಯೂ ಲೋಡ್ ಹೆಚ್ಚಿಸಿಕೊಂಡರೆ ಅದರ ಗತಿಯೇನು ಅಂತ ಮೀಟಿಂಗ್‌ನಲ್ಲಿ ಕೇಳಿದೆ. ಟೈಲ್ಸ್ ಬಣ್ಣದ ಚರ್ಚೆ ಮುಗಿದ ಮೇಲೆ ನೋಡೋಣ ಅಂದರು.