ನೋಡಿ ಬರೆದವರು

ಕ್ಯಾಲಿಗ್ರಫಿ ಪೆನ್ನು ಮೊದಲ ಸಲ ಕೈಗೆ ಬಂದಾಗ ಯಾರಿಗೂ ಅದರ ಮೇಲೆ ನಂಬಿಕೆ ಹುಟ್ಟುವುದಿಲ್ಲ. ನಿಬ್ಬಿನ ಮೂತಿ ಚೂಪಾಗಿರುವುದಿಲ್ಲ, ಅಡ್ಡಡ್ಡ ಕತ್ತರಿಸಿದ ಹಾಗೆ ಮೊಂಡು. ಇದರಲ್ಲಿ ಹೇಗಪ್ಪಾ ಬರೆಯೋದು? ಅದನ್ನೇ ಕೊಂಚ ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ ಹಿಡಿದು, ಬೆರಳು ಹೊರಳಿಸದೆ ಇಂಗ್ಲಿಷಿನ ಒಂದು ‘ಓ’ ಬರೆದು ನೋಡಿ. ಎರಡು ಮಗ್ಗುಲೂ ದಪ್ಪ, ನೆತ್ತಿಯ ಹತ್ತಿರ ಮತ್ತು ಬುಡದ ಹತ್ತಿರ ಕೂದಲೆಳೆ. ನೀವು ಒತ್ತಿಲ್ಲ, ತಿದ್ದಿಲ್ಲ. ಎಲ್ಲ ನಿಬ್ಬಿನದೇ ಕಾರುಬಾರು.

ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಶತಮಾನಗಟ್ಟಲೆ ಪುಸ್ತಕ ಬರೆದದ್ದು ಇಂಥದೇ ಮೂತಿಯಿಂದ. ಆದರೆ ಅದು ಹೆಬ್ಬಾತಿನ ಗರಿ. ಬಲಗೈಯವರಿಗೆ ಎಡರೆಕ್ಕೆಯ ಗರಿಯೇ ಅನುಕೂಲ, ಅದರ ಬಾಗು ಕಣ್ಣಿಗೆ ಅಡ್ಡ ಬರುವುದಿಲ್ಲ. ಸಿನಿಮಾದಲ್ಲಿ ಕವಿಗಳು ಉದ್ದನೆಯ ಪುಕ್ಕ ಅಲ್ಲಾಡಿಸುತ್ತಾ ಬರೆಯುತ್ತಾರಲ್ಲ, ಅದು ಸುಮ್ನೆ ಚಂದಕ್ಕೆ. ದಿನವಿಡೀ ಬರೆಯುವವರು ಪುಕ್ಕವನ್ನು ಬಹುಮಟ್ಟಿಗೆ ಕಿತ್ತುಹಾಕಿ ಬರೀ ದಂಟು ಇಟ್ಟುಕೊಳ್ಳುತ್ತಿದ್ದರು. ಎಡಗೈಯಲ್ಲಿ ಒಂದು ಪುಟ್ಟ ಚಾಕು. ಕರುವಿನ ಚರ್ಮದ ಹಾಳೆ ಮೇಲೇಳದಂತೆ ಒತ್ತಿ ಹಿಡಿಯಲು ಅದೇ, ಗರಿ ಹೆರೆಯಲು ಅದೇ, ತಪ್ಪಾದ ಅಕ್ಷರ ಕೆರೆದು ತೆಗೆಯಲೂ ಅದೇ. ಇನ್ನು ಮಸಿ. ಅದಕ್ಕೆ ಬೇಕಾದದ್ದು ಮಾಚಿಕಾಯಿ, ಅನ್ನಭೇದಿ ಮತ್ತು ಗೋಂದು. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಚೀಟಿ ಕೊಟ್ಟರೆ ಮಠದ ಮಸಿ ಸಿದ್ಧ ಅನ್ನಿ!

ಈ ಚಂದದ ಅಕ್ಷರಗಳಿಗೆ ದೊಡ್ಡ ಆಸರೆಯಾದ ದೊರೆ ಷಾರ್ಲಮೇನ್. 800ರಲ್ಲಿ ಚಕ್ರವರ್ತಿಯ ಕಿರೀಟ ತೊಟ್ಟವನು. ಅವನ ಕಾಲದಲ್ಲಿ ಮಠಗಳು ಹಳೆಯ ಪುಸ್ತಕಗಳನ್ನೆಲ್ಲ ಹೊಸದಾಗಿ ಪ್ರತಿ ಮಾಡಿದವು. ದುಂಡಗಿನ ಸಣ್ಣಕ್ಷರ, ಪದಪದಗಳ ನಡುವೆ ಜಾಗ, ಓದಲು ಹಾಯಾದ ಸಾಲು. ಫ್ರಾನ್ಸಿನ ಟೂರ್ ಪಟ್ಟಣದ ಮಠದಲ್ಲಿ ಆಲ್ಕ್ವಿನ್ ಎಂಬ ಇಂಗ್ಲೆಂಡಿನ ಪಂಡಿತ ಹಿರಿಯನಾಗಿದ್ದ. ಅಲ್ಲಿನ ಕೈಬರಹಕ್ಕೆ ದೊಡ್ಡ ಹೆಸರು. ದೊರೆಗೆ ಮಾತ್ರ ಬರೆಯಲು ಬರುತ್ತಿರಲಿಲ್ಲ! ಅವನ ಆಸ್ಥಾನದಲ್ಲೇ ಇದ್ದ ಐನ್‌ಹಾರ್ಡ್ ಈ ಸಂಗತಿ ಬರೆದಿಟ್ಟಿದ್ದಾನೆ. ದಿಂಬಿನ ಕೆಳಗೆ ಬರೆಯುವ ಹಲಗೆ ಇಟ್ಟುಕೊಂಡು, ಬಿಡುವಾದಾಗ ಅಕ್ಷರ ತಿದ್ದುತ್ತಿದ್ದನಂತೆ. ಶುರು ಮಾಡಿದ್ದೇ ತಡವಾದ್ದರಿಂದ ಕೈ ಅಷ್ಟಾಗಿ ಹತ್ತಲಿಲ್ಲ. ಅರ್ಧ ಯುರೋಪ್ ಗೆದ್ದವನು ಕತ್ತಲಲ್ಲಿ ದಿಂಬು ಸರಿಸಿ ಹಲಗೆ ತಡಕುವುದನ್ನು ನೆನೆದರೆ ಪಾಪ ಅನ್ನಿಸುತ್ತದೆ.

ಆಮೇಲೆ ಬಂದದ್ದು ಗಾಥಿಕ್ ಬರಹ. ಅಕ್ಷರಗಳು ನೆಟ್ಟಗೆ ನಿಂತು ಒತ್ತೊತ್ತಾದವು. ‘ಮಿನಿಮಮ್’ ಅಂತ ಬರೆದರೆ ಬೇಲಿಯ ಗೂಟ ಸಾಲಾಗಿ ಹುಗಿದ ಹಾಗೆ. ಎಲ್ಲಿ ಐ ಮುಗಿಯಿತು, ಎಲ್ಲಿ ಎನ್ ಶುರುವಾಯಿತು ಅಂತ ತಿಳಿಯಲೆಂದೇ ಐ ಅಕ್ಷರದ ನೆತ್ತಿಗೆ ಗುರುತು ಬಿತ್ತು, ಅದೇ ಮುಂದೆ ಚುಕ್ಕಿಯಾಯಿತು.

1400ರ ಹೊತ್ತಿಗೆ ಫ್ಲಾರೆನ್ಸಿನ ಪೊಜ್ಜೊ ಬ್ರಾಚೊಲಿನಿ ಮತ್ತು ಅವನ ಗೆಳೆಯರಿಗೆ ಇದು ಸಾಕಾಗಿತ್ತು. ರೋಮಿನ ಕಾಲದ ಪುಸ್ತಕ ಹುಡುಕುತ್ತಾ ಹೊರಟವರಿಗೆ ಸಿಕ್ಕಿದ್ದು ಷಾರ್ಲಮೇನನ ಕಾಲದಲ್ಲಿ ಮತ್ತು ಆಮೇಲೆ ಮಾಡಿದ ಪ್ರತಿಗಳು. ಆ ದುಂಡು ಅಕ್ಷರವೇ ಹಳೇ ರೋಮನ್ನರ ಕೈ ಅಂದುಕೊಂಡು ಅದನ್ನೇ ನೋಡಿ ಬರೆದರಂತೆ. ಇಟಲಿಯ ಅಚ್ಚುಮನೆಗಳು ಆ ಕೈಯನ್ನು ನೋಡಿ ಮೊಳೆ ಎರಕ ಹೊಯ್ದವು. ಇಂದಿಗೂ ಇಂಗ್ಲಿಷ್ ಪುಸ್ತಕ ಓದುವುದು ಆ ಅಕ್ಷರದ ಮರಿಮಕ್ಕಳಲ್ಲೇ. ಈ ಕಥೆಯಲ್ಲಿ ನನಗೆ ತುಂಬ ಹಿಡಿಸುವುದು ಇದೇ. ಹೊಸದಾಗಿ ಹುಟ್ಟಿಸಿದವರು ಕಮ್ಮಿ, ಹಿಂದಿನವರದನ್ನು ನೋಡಿ ಬರೆದವರೇ ಜಾಸ್ತಿ.

ನಮ್ಮ ಶಾಲೆಗಳ ನಾಲ್ಕು ಗೆರೆ ಪುಸ್ತಕವೂ ಈ ಸಾಲಿಗೇ ಸೇರಬೇಕು. 18ನೇ ಶತಮಾನದ ಲಂಡನ್ನಿನಲ್ಲಿ ಗುಮಾಸ್ತರಿಗೆ, ವ್ಯಾಪಾರಿಗಳಿಗೆ ಕೈಬರಹ ಕಲಿಸುವ ಮೇಷ್ಟ್ರುಗಳಿದ್ದರು. ಅವರ ಓರೆ ಬರಹವನ್ನು ಜಾರ್ಜ್ ಬಿಕ್‌ಹ್ಯಾಮ್ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ. ಇದಕ್ಕೆ ಮೊಂಡು ಮೂತಿಯಲ್ಲ, ಚೂಪು ಮೂತಿ. ಕೆಳಗೆಳೆಯುವಾಗ ಒತ್ತಬೇಕು, ಮೇಲೆ ಹೋಗುವಾಗ ಹಗುರ. ಆ ಬರಹ ಸವೆದು ಸವೆದು ಕರ್ಸಿವ್ ಆಗಿ ನಮ್ಮ ಹಳ್ಳಿಯ ಹೈಸ್ಕೂಲಿನವರೆಗೂ ಬಂತು. ಬಾಲ್‌ಪೆನ್ನು ಬಂದ ಮೇಲೆ ದಪ್ಪ-ತೆಳು ಹೋಯಿತು, ಸುರುಳಿ ಮಾತ್ರ ಉಳಿಯಿತು. ಆ ಸುರುಳಿ ಯಾಕೆ ಅಂತ ಮಕ್ಕಳು ಕೇಳಿದರೆ ಮೇಷ್ಟ್ರ ಹತ್ತಿರವೂ ಉತ್ತರವಿಲ್ಲ. ಕಾಗೆ ಕಾಲು ಗುಬ್ಬಿ ಕಾಲು ಅಂತ ಬೈಸಿಕೊಂಡು ಬರೆಯುವುದಷ್ಟೇ.

ಅತ್ತ ಇಂಗ್ಲೆಂಡಿನಲ್ಲೂ ಮೊಂಡು ಮೂತಿಯ ಕೆಲಸ ಬಹುಪಾಲು ಮರೆತೇಹೋಗಿತ್ತು. ಅದನ್ನು ಮತ್ತೆ ಎತ್ತಿಕೊಂಡವನು ಎಡ್ವರ್ಡ್ ಜಾನ್‌ಸ್ಟನ್. ಡಾಕ್ಟರಿಕೆ ಓದು ಅರ್ಧಕ್ಕೆ ಬಿಟ್ಟವನು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಹಳೆಯ ಹಸ್ತಪ್ರತಿಗಳನ್ನು ನೋಡಿ ನೋಡಿ, ಗರಿಯನ್ನು ಹೇಗೆ ಕತ್ತರಿಸಿರಬೇಕು, ಯಾವ ಓರೆಯಲ್ಲಿ ಹಿಡಿದಿರಬೇಕು ಅಂತ ಲೆಕ್ಕ ಹಾಕಿದ. 1899ರಿಂದ ಲಂಡನ್ನಿನಲ್ಲಿ ಪಾಠ ಹೇಳಿದ. 10ನೇ ಶತಮಾನದ ಒಂದು ಕೀರ್ತನೆಗಳ ಪುಸ್ತಕವೇ ಅವನ ಮೇಲ್ಪಂಕ್ತಿ.

ಈ ಚಟ ಇನ್ನೂ ಬಿಟ್ಟಿಲ್ಲ. ಅಮೆರಿಕದ ಮಿನೆಸೋಟದ ಒಂದು ಮಠಕ್ಕಾಗಿ ಡೊನಾಲ್ಡ್ ಜಾಕ್ಸನ್ ಮತ್ತು ಸಂಗಡಿಗರು ಇಡೀ ಬೈಬಲನ್ನು ಕೈಯಲ್ಲೇ ಬರೆದರು. 1998ರಲ್ಲಿ ಒಪ್ಪಿಕೊಂಡ ಕೆಲಸ, ಮುಗಿದದ್ದು 2011ರಲ್ಲಿ. ಅದೇ ಗರಿ, ಅದೇ ಕರುವಿನ ಚರ್ಮ. ಸಾಲು ಎಲ್ಲಿ ಮುರಿಯಬೇಕು ಅನ್ನುವುದಕ್ಕೆ ಮಾತ್ರ ಕಂಪ್ಯೂಟರ್. ಇಷ್ಟೆಲ್ಲ ಇದ್ದೂ ಒಂದು ಪುಟದಲ್ಲಿ ಸಾಲು ಬಿಟ್ಟುಹೋಯಿತು. ಹಾಳೆ ಹರಿಯಲಾದೀತೇ? ಬಿಟ್ಟ ಸಾಲನ್ನು ಪುಟದ ಅಂಚಿನಲ್ಲಿ ಬರೆದರು. ಅದಕ್ಕೊಂದು ಹಗ್ಗ ಕಟ್ಟಿ, ರಾಟೆ ಹಾಕಿ, ಒಂದು ದುಂಬಿ ಅದನ್ನು ಅದರ ಜಾಗಕ್ಕೆ ಎಳೆಯುತ್ತಿರುವ ಹಾಗೆ ಚಿತ್ರ ಬಿಡಿಸಿಬಿಟ್ಟರು.