ಫಾರ್ಮರ್ ಅಂದರೆ ಮೊದಲು ಗುತ್ತಿಗೆದಾರ

ಮದ್ದೂರು ದಾಟಿ ಮೈಸೂರಿನ ಕಡೆ ಹೊರಟರೆ ಈಗ ಎಲ್ಲಿ ನೋಡಿದರೂ ಫಾರ್ಮ್. ಫಾರ್ಮ್ ಹೌಸ್, ಫಾರ್ಮ್ ಪ್ಲಾಟ್, ಫಾರ್ಮ್ ಸ್ಟೇ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಯ್ತು, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯ್ತು. ಅಲ್ಲಿಂದ ಈ ಬೋರ್ಡುಗಳು ಇನ್ನೂ ಜಾಸ್ತಿ. ಬರೆಸಿದವರಿಗೆ ಫಾರ್ಮ್ ಅಂದರೆ ನಾಲ್ಕು ತೆಂಗಿನ ಮರ, ಒಂದು ಈಜುಕೊಳ, ಭಾನುವಾರದ ಬಾಡೂಟ. ಬೈಯೋಕೆ ಹೋಗಲ್ಲ. ಆ ಪದ ಹುಟ್ಟಿದಾಗಲೂ ಅದರಲ್ಲಿ ಮಣ್ಣಿರಲಿಲ್ಲ, ದುಡ್ಡೇ ಇದ್ದದ್ದು.

ನಾನಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಊರು ಪಾಂಡವಪುರದ ಹತ್ತಿರ. ಇಲ್ಲಿ ಪರಿಚಯವಾದ ಫಾರ್ಮರ್‌ಗಳಲ್ಲಿ ಹಲವರಿಗೆ ಸ್ವಂತ ಜಮೀನೇ ಇಲ್ಲ. ಮೊದಮೊದಲು ನನಗೆ ಇದು ವಿಚಿತ್ರ ಅನಿಸಿತ್ತು. ಜಮೀನಿಲ್ಲದವನು ಎಂಥ ರೈತ? ಆದರೆ ಪದದ ಚರಿತ್ರೆ ನೋಡಿದರೆ ಅವರೇ ಸರಿಯಾದ ಫಾರ್ಮರ್‌ಗಳು.

ಲ್ಯಾಟಿನ್‌ನಲ್ಲಿ ಫಿರ್ಮುಸ್ ಅಂದರೆ ಗಟ್ಟಿ. ಅದರಿಂದ ಬಂದ ಫಿರ್ಮಾ ಅಂದರೆ ವರ್ಷಕ್ಕೆ ಇಷ್ಟು ಅಂತ ಗಟ್ಟಿ ಮಾಡಿಕೊಂಡ ಹಣ. ಫ್ರೆಂಚರ ಬಾಯಲ್ಲಿ ಅದು ಫೆರ್ಮ್ ಆಯ್ತು, ಇಂಗ್ಲಿಷರ ಬಾಯಲ್ಲಿ ಫಾರ್ಮ್ ಆಯ್ತು. ಕಂಪನಿಗೆ ಹೇಳುವ ಫರ್ಮ್ ಕೂಡ ಇದೇ ಮನೆತನದ್ದು. ಇನ್ನೊಂದು ವಾದವೂ ಇದೆ. ಹಳೇ ಇಂಗ್ಲಿಷ್‌ನಲ್ಲಿ ಫೆಓರ್ಮ್ ಅಂದರೆ ಊಟ, ದವಸ. ರಾಜನಿಗೂ ಅವನ ಪರಿವಾರಕ್ಕೂ ಒಂದು ರಾತ್ರಿಗೆ ಆಗುವಷ್ಟು ದಿನಸಿ ಕೊಡುವುದು ಒಂದು ಕಂದಾಯವಾಗಿತ್ತು. ಇಂಗ್ಲೆಂಡಿನ ಜಮೀನನ್ನೆಲ್ಲ ಲೆಕ್ಕ ಹಾಕಿ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಇದು ‘ಒಂದು ರಾತ್ರಿಯ ಫಾರ್ಮ್’ ಅಂತಲೇ ಬರುತ್ತದೆ. ಎರಡರಲ್ಲಿ ಯಾವುದು ಮೂಲ ಅಂತ ಪಂಡಿತರು ಕಿತ್ತಾಡಲಿ. ಎರಡೂ ಕಡೆ ಇರುವುದು ಒಂದೇ: ಉಳುವವನು ಕೊಡಬೇಕು, ಮೇಲಿರುವವನು ತಿನ್ನಬೇಕು.

ಹಾಗಾಗಿ ಮೊದಲು ಫಾರ್ಮರ್ ಅಂದರೆ ಕಂದಾಯ ಗುತ್ತಿಗೆ ಹಿಡಿದವನು. ಸರ್ಕಾರಕ್ಕೆ ಇಷ್ಟು ಕಟ್ಟುತ್ತೇನೆ ಅಂತ ಒಪ್ಪಿಕೊಂಡು, ಜನರಿಂದ ಅದಕ್ಕಿಂತ ಜಾಸ್ತಿ ಕೀಳುವವನು. ಆಮ್ಲಜನಕಕ್ಕೆ ಹೆಸರಿಟ್ಟ ಲಾವೋಸಿಯೆಗೆ 1794ರಲ್ಲಿ ಪ್ಯಾರಿಸ್‌ನಲ್ಲಿ ತಲೆ ಹೋಗಿದ್ದು ವಿಜ್ಞಾನಿ ಅಂತ ಅಲ್ಲ, ಇಂಥ ತೆರಿಗೆ ಗುತ್ತಿಗೆಯ ಕೂಟದಲ್ಲಿ ಪಾಲುದಾರ ಅಂತ. ನಮ್ಮ ಮೈಸೂರೇನು ಕಮ್ಮಿ ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರತ್ತಿನ ಪದ್ಧತಿ ಅಂತ ಇತ್ತು. ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರ ಇಂತಿಷ್ಟು ಕಂದಾಯ ತಂದುಕೊಡುತ್ತೇನೆ ಅಂತ ಶರತ್ತು ಬರೆದುಕೊಡಬೇಕು. ಕಮ್ಮಿಯಾದರೆ ಅವನೇ ತುಂಬಬೇಕು. ಅವನು ಯಾರ ಹತ್ತಿರ ತುಂಬಿಸಿಕೊಳ್ಳುತ್ತಿದ್ದ ಅಂತ ಬೇರೆ ಹೇಳಬೇಕಾ? ಈಗಿನ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರು ಬಂಡೆದ್ದರು. 1831ರಲ್ಲಿ ಬ್ರಿಟಿಷರು ಅದನ್ನೇ ನೆಪ ಮಾಡಿಕೊಂಡು ಆಡಳಿತ ಕೈಗೆ ತಗೊಂಡರು. ಅಂದಹಾಗೆ ಅದೇ ಬ್ರಿಟಿಷರು 1772ರಲ್ಲಿ ಬಂಗಾಳದ ಕಂದಾಯವನ್ನು ಐದು ವರ್ಷಕ್ಕೆ ಹರಾಜು ಹಾಕಿದ್ದರು.

ಹಣದಿಂದ ಆ ಪದ ನಿಧಾನಕ್ಕೆ ಗುತ್ತಿಗೆಯ ಜಮೀನಿಗೆ ಬಂತು. ಅಲ್ಲಿಂದ ಎಲ್ಲ ಬೇಸಾಯದ ಜಮೀನಿಗೂ ಹರಡಿತು. ಈಗಂತೂ ಗಾಳಿಯಂತ್ರದ ಸಾಲಿಗೂ ಫಾರ್ಮ್, ಕಂಪ್ಯೂಟರ್ ರಾಶಿಗೂ ಫಾರ್ಮ್. ಅಮೆರಿಕದ ಆಡುಮಾತಿನಲ್ಲಿ ಒಬ್ಬ ಫಾರ್ಮ್ ಕೊಂಡುಕೊಂಡ ಅಂದರೆ ಸತ್ತುಹೋದ ಅಂತ. ಮೈಸೂರು ರಸ್ತೆಯಲ್ಲಿ ಪ್ಲಾಟ್ ಮಾರುವವರಿಗೆ ಇದನ್ನು ಯಾರೂ ಹೇಳದಿದ್ದರೆ ಒಳ್ಳೆಯದು.

ನಮ್ಮ ‘ರೈತ’ನಿಗೂ ಗದ್ದೆಯ ವಾಸನೆ ಆಮೇಲೆ ಬಂದಿದ್ದೇ. ಅರಬ್ಬಿಯಲ್ಲಿ ಅದರ ಮೂಲಕ್ಕೆ ಮಂದೆ ಅಂತಲೂ ಅರ್ಥ, ಪ್ರಜೆ ಅಂತಲೂ ಅರ್ಥ.

ಇಂಗ್ಲೆಂಡಿನಲ್ಲಿ ಆ ಹಳೇ ಅರ್ಥ ಇನ್ನೂ ಜೀವಂತ. ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಬೇಸಾಯದ ಭೂಮಿ ಬಾಡಿಗೆಯದ್ದೇ. ಕೇಂಬ್ರಿಡ್ಜ್‌ನ ಕಾಲೇಜುಗಳು ಶತಮಾನಗಳಿಂದ ಜಮೀನ್ದಾರರು. ಬೆಲೆ ಏರಿ ದುಡ್ಡಿನ ಬಾಡಿಗೆ ಸವೆದುಹೋಗುತ್ತಿದೆ ಅಂತ 1576ರಲ್ಲಿ ಒಂದು ಕಾನೂನು ಬಂತು. ಕಾಲೇಜುಗಳ ಬಾಡಿಗೆಯಲ್ಲಿ ಮೂರನೇ ಒಂದು ಭಾಗ ಗೋಧಿ, ಮಾಲ್ಟ್ ಲೆಕ್ಕದಲ್ಲಿ ಬರಬೇಕು ಅಂತ. ಇದನ್ನು ಓದಿ ನನಗೆ ನಗು ಬಂತು. ನಮ್ಮ ಕಡೆ ಗದ್ದೆ ಗುತ್ತಿಗೆಗೆ ಕೊಡುವವರೂ ದುಡ್ಡು ಬೇಡ, ಎಕರೆಗೆ ಇಷ್ಟು ಪಲ್ಲ ಭತ್ತ ಅಳೆದುಬಿಡು ಅಂತಾರಲ್ವಾ, ಅದೇ ಲೆಕ್ಕ. ಇಲ್ಲಿ ಬಾಡಿಗೆ ಕಟ್ಟುವ ಹಳೇ ದಿನಗಳಲ್ಲಿ ಒಂದು ಮಾರ್ಚ್ 25. 1752ಕ್ಕೆ ಮುಂಚೆ ಇಂಗ್ಲೆಂಡಿನ ಹೊಸ ವರ್ಷ ಶುರುವಾಗುತ್ತಿದ್ದದ್ದೂ ಅವತ್ತೇ. ನಮ್ಮಲ್ಲೂ ಯುಗಾದಿಗೆ ಹೊನ್ನಾರು ಅಂತ ವರ್ಷದ ಮೊದಲ ಆರು ಕಟ್ಟುತ್ತಾರೆ, ಗುತ್ತಿಗೆಯ ಮಾತು ಯುಗಾದಿಯಿಂದ ಯುಗಾದಿಗೆ.

ವ್ಯತ್ಯಾಸ ಇರುವುದು ಕಾಗದದಲ್ಲಿ. ಇಲ್ಲಿ ಗುತ್ತಿಗೆ ಅಂದರೆ ಬರೆದಿಟ್ಟ ಕರಾರು. ಅವಧಿ, ಬಾಡಿಗೆ, ಬೇಲಿ ಯಾರು ಕಟ್ಟಬೇಕು, ಬಿಟ್ಟುಹೋಗುವಾಗ ಹಾಕಿದ ಗೊಬ್ಬರಕ್ಕೆ ಪರಿಹಾರ ಏನು, ಎಲ್ಲಾ ಇರುತ್ತದೆ. 1984ಕ್ಕೆ ಮುಂಚಿನ ಹಳೇ ಕರಾರುಗಳಲ್ಲಿ ಹಲವಕ್ಕೆ ಮಗನಿಗೆ, ಮೊಮ್ಮಗನಿಗೆ ಮುಂದುವರಿಯುವ ಹಕ್ಕೂ ಇದೆ. ಇಲ್ಲಿನ ಕೌಂಟಿ ಕೌನ್ಸಿಲ್, ಅಂದರೆ ಸ್ಥಳೀಯ ಸರ್ಕಾರ, ತನ್ನ ಸಾವಿರಾರು ಎಕರೆ ಜಮೀನನ್ನು ಫಾರ್ಮರ್‌ಗಳಿಗೆ ಬಾಡಿಗೆಗೆ ಕೊಡುತ್ತದೆ. ಜಮೀನಿಲ್ಲದ ಹುಡುಗರು ಬೇಸಾಯಕ್ಕೆ ಇಳಿಯುವ ದಾರಿ ಅದು.

ನಮ್ಮಲ್ಲಿ ಹಾಗಿಲ್ಲ. 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿಯೇ ರದ್ದಾಯ್ತು. ನಮ್ಮ ಪಕ್ಕದ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿ. ಉಳುತ್ತಿರುವುದು ನಾವೇ ಅಂತ ಡಿಕ್ಲರೇಷನ್ ಅರ್ಜಿ ಹಾಕಿದ ಎಷ್ಟೋ ಒಕ್ಕಲುಗಳು ಜಮೀನಿನ ಒಡೆಯರಾದರು. ಅದು ಆಗಲೇಬೇಕಿತ್ತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅಂದಿನಿಂದ ಜಮೀನನ್ನು ಗುತ್ತಿಗೆಗೆ ಕೊಡುವುದು ಕಾನೂನಿನಲ್ಲಿ ನಿಷಿದ್ಧ. ವಿನಾಯಿತಿ ಇರುವುದು ಮುಖ್ಯವಾಗಿ ಸೈನಿಕರಿಗೆ, ಹಡಗಿನ ಕೆಲಸದವರಿಗೆ. ಮಂಡ್ಯದಲ್ಲಿ ಹಡಗಿನ ಕೆಲಸದವರು ಎಷ್ಟು ಜನ ಇದ್ದಾರೋ!

ಹಾಗಂತ ಗುತ್ತಿಗೆ ನಿಂತಿದೆಯಾ? ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಯಾವ ಊರಿಗೆ ಬೇಕಾದರೂ ಹೋಗಿ. ಮಕ್ಕಳು ಬೆಂಗಳೂರಲ್ಲಿ, ನನ್ನಂಥವರು ಇನ್ನೂ ದೂರ. ಗದ್ದೆ ಮಾಡುವವರು ಬೇರೆಯವರು. ಬೆಳೆ ಹಂಚಿಕೊಳ್ಳುವ ವಾರಕ್ಕೋ, ಗುತ್ತಿಗೆಗೋ, ಬರೀ ಬಾಯಿಮಾತಿನಲ್ಲಿ. ಹೋದ ಸಲ ಊರಿಗೆ ಹೋದಾಗ ಪರಿಚಯದ ಹಿರಿಯರೊಬ್ಬರು ತಮ್ಮ ಕರಾರು ತೋರಿಸಿದರು. ಗೆರೆ ಹಾಕಿದ ನೋಟ್ ಬುಕ್ಕಿನ ಹಾಳೆ, ಮೂಲೆಯಲ್ಲಿ ರೆವಿನ್ಯೂ ಸ್ಟಾಂಪು, ಅದರ ಮೇಲೆ ಅಡ್ಡ ಸಹಿ. ಅದರಲ್ಲಿ ಜಮೀನಿನ ಸುದ್ದಿಯೇ ಇಲ್ಲ! ‘ಮನೆಯ ಖರ್ಚಿಗಾಗಿ ಕೈಸಾಲ ಪಡೆದಿರುತ್ತೇನೆ’ ಅಂತ ಬರೆದಿದೆ. ‘ಇದೇನಣ್ಣ, ಗುತ್ತಿಗೆ ಅಂತ ಯಾಕೆ ಬರೆಸಿಲ್ಲ?’ ಅಂದೆ. ‘ಗುತ್ತಿಗೆ ಅಂತ ಬರೆದ್ರೆ ಜಮೀನು ಹೊಡ್ಕೊಂಡ್ಬಿಡ್ತೀನಿ ಅಂತ ಅವ್ರಿಗೆ ಭಯ ಕಣಪ್ಪ. ಕೈಸಾಲ ಅಂದ್ರೆ ಇಬ್ರಿಗೂ ನಿದ್ದೆ ಬರ್ತದೆ’ ಅಂದರು.

ಅವರಿಗೆ ನಿದ್ದೆ ಬರಬಹುದು, ಬ್ಯಾಂಕಿಗೆ ಬರಲ್ಲ. ಬೆಳೆ ಸಾಲಕ್ಕೆ ಪಹಣಿ ಕೇಳುತ್ತಾರೆ, ಪಹಣಿಯಲ್ಲಿ ಅವರ ಹೆಸರಿಲ್ಲ. ನಾಲೆಗೆ ನೀರು ಬಿಡದೆ ಪೈರು ಒಣಗಿದರೆ ಪರಿಹಾರ ಹೋಗುವುದು ಖಾತೆದಾರನ ಅಕೌಂಟಿಗೆ. ಖಾತೆದಾರ ಒಳ್ಳೆಯವನಾದರೆ ಕರೆದು ಕೊಡುತ್ತಾನೆ. ಇಲ್ಲದಿದ್ದರೆ ಇಲ್ಲ.

ಉಳುವವನನ್ನು ಕಾಪಾಡಲು ಬಂದ ಕಾನೂನು ಈಗಿನ ಉಳುವವನನ್ನು ಲೆಕ್ಕಕ್ಕೇ ಇಲ್ಲದ ಹಾಗೆ ಮಾಡಿದೆ. ಅದೇ ಕಾನೂನನ್ನು 2020ರಲ್ಲಿ ಸಡಿಲಿಸಿದಾಗ ಈಜುಕೊಳದ ಫಾರ್ಮ್‌ಗೆ ಬಾಗಿಲು ತೆರೆಯಿತು, ಗುತ್ತಿಗೆಯ ಫಾರ್ಮರ್‌ಗೆ ತೆರೆಯಲಿಲ್ಲ. ಇದು ನನಗೆ ಸಿಟ್ಟು ಬರಿಸುತ್ತದೆ. ಗುತ್ತಿಗೆಯನ್ನು ಕಾನೂನುಬದ್ಧ ಮಾಡಿ ಅಂತ ನೀತಿ ಆಯೋಗ 2016ರಲ್ಲೇ ಒಂದು ಮಾದರಿ ಕಾಯ್ದೆ ಕೊಟ್ಟಿತ್ತು. ಪಕ್ಕದ ಆಂಧ್ರದಲ್ಲಿ 2019ರಲ್ಲಿ ಗುತ್ತಿಗೆಗೆ ಉಳುವವನಿಗೆ ಹನ್ನೊಂದು ತಿಂಗಳ ಸಾಗುವಳಿ ಕಾರ್ಡು ಕೊಡುವ ಕಾಯ್ದೆ ಬಂತು. ಅದರಲ್ಲಿ ಮಾಲೀಕನ ಹಕ್ಕಿಗೆ ಏನೂ ಆಗಲ್ಲ ಅಂತ ಸ್ಪಷ್ಟವಾಗಿದೆ. ತೊಡಕು ಒಂದೇ, ಮಾಲೀಕ ಸಹಿ ಹಾಕಬೇಕು. ಸಹಿ ಅಂದರೆ ಮಾಲೀಕರು ಅಲ್ಲೂ ಹಿಂದೇಟು ಹಾಕುತ್ತಾರೆ.

ಇಂಗ್ಲೆಂಡನ್ನು ಹಾಗೇ ನಕಲು ಮಾಡಿ ಅಂತ ಹೇಳುತ್ತಿಲ್ಲ. 1995ರ ಗುತ್ತಿಗೆ ಕಾಯ್ದೆಯ ನಂತರ ಇಲ್ಲಿನ ಹೊಸ ಕರಾರುಗಳು ತೀರಾ ಮೊಟಕು, ಬಹಳಷ್ಟು ಮೂರು ನಾಲ್ಕು ವರ್ಷದವು. ನಾಳೆ ಬಿಡಬೇಕಾದ ಭೂಮಿಗೆ ಇವತ್ತು ಯಾರು ಗೊಬ್ಬರ ಹೊಡೆಸುತ್ತಾರೆ? ಮಣ್ಣು ಸೊರಗುತ್ತಿದೆ ಅಂತ ಇವರೂ ಗೊಣಗುತ್ತಾರೆ.

ನಾನು ಕೇಳುವುದು ಅಷ್ಟು ದೊಡ್ಡದೇನಲ್ಲ. ಬೆಳೆ ಸಮೀಕ್ಷೆ ಅಂತ ಹಂಗಾಮಿಗೊಮ್ಮೆ ಹೊಲದಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಆಗಲೇ ಸಾಗುವಳಿ ಮಾಡುವವರ ಹೆಸರು ಬರೆದುಕೊಳ್ಳಲಿ, ಮಾಲೀಕರ ಸಹಿ ಕೇಳದೆ. ಅದು ಆ ಹಂಗಾಮಿನ ಸಾಲಕ್ಕೆ, ವಿಮೆಗೆ, ಪರಿಹಾರಕ್ಕೆ ಮಾತ್ರ ನಡೆಯಲಿ, ಒಡೆತನದ ದಾವೆಗೆ ನಡೆಯಕೂಡದು ಅಂತ ಕಾಯ್ದೆಯಲ್ಲೇ ಬರೆಯಲಿ. ಪಹಣಿಯಲ್ಲಿ ಹೆಸರಿಟ್ಟುಕೊಂಡು ದೂರದಲ್ಲಿ ಕೂತ ನನ್ನಂಥವರು ಮೊದಲು ಕೂಗಾಡುತ್ತೇವೆ. ಕೂಗಾಡಲಿ ಬಿಡಿ, ಗದ್ದೆಗೆ ಇಳಿಯುವವರು ನಾವಲ್ಲವಲ್ಲ.